ಎದ್ದು ನಿಂತ ಸೆನೆಟರ್

ಸೆನೆಟರ್ ಎಂದರೆ ಯಾರು ಎಂದು ದರ್ಜಿ ಬೀದಿಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಓದಿದವರು ಹೇಳುವ ಪ್ರಕಾರ, ಈಗ ಯಾರೂ ಮನೆಯಲ್ಲಿ ಆಡದ ಯಾವುದೋ ಹಳೆಯ ಭಾಷೆಯಲ್ಲಿ ಮುದುಕನಿಗೆ ಇದ್ದ ಮಾತಿನಿಂದ ಅದು ಹುಟ್ಟಿತಂತೆ. ಹಿರಿಯರು ಒಂದೆಡೆ ಕೂರಲಿ, ಯೋಚಿಸಲಿ, ನಾಲ್ಕು ಬುದ್ಧಿಮಾತು ಹೇಳಲಿ ಎಂದು ಕಟ್ಟಿದ ಸಭೆ ಸೆನೆಟ್. ಅದರಲ್ಲಿ ಕೂರುವವನು ಸೆನೆಟರ್. ಕೂರುವುದು, ಯೋಚಿಸುವುದು, ಹೇಳುವುದು ಎಂಬ ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ಅಲ್ಲಿಯವರು ಇವತ್ತಿಗೂ ಕೈಬಿಟ್ಟಿಲ್ಲ. ಗುಂಡಿ ಅಂಗಡಿಯವನನ್ನು ಕೇಳಿದರೆ, ಸೆನೆಟರ್ ಎಂದರೆ ಪ್ರತಿ ಅಧಿವೇಶನಕ್ಕೂ ಎರಡು ಬೆರಳು ದಪ್ಪವಾಗುವ ಮನುಷ್ಯ. ಬೀದಿಯ ಮಕ್ಕಳು ಇನ್ನೂ ಉದಾರಿಗಳು. ಮೀನಂಗಡಿಯ ಮುಂದೆ ಹಗಲೆಲ್ಲ ಬಿದ್ದುಕೊಂಡು, ಯಾರಾದರೂ ಏನಾದರೂ ಎಸೆದರೆ ಮಾತ್ರ ಒಂದು ಕಣ್ಣು ತೆರೆಯುವ ದಪ್ಪ ಬೆಕ್ಕಿಗೂ ಅವರು ಸೆನೆಟರ್ ಎಂದೇ ಕರೆಯುತ್ತಿದ್ದರು.

ಇಂಥ ಬೀದಿಯಲ್ಲಿ ಒಬ್ಬ ನಿಜವಾದ ಸೆನೆಟರ್ ಇದ್ದ. ಹುಟ್ಟಿನಿಂದ ಅವನು ದರ್ಜಿ, ದರ್ಜಿಯ ಮಗ. ಬೀದಿ ಇದ್ದದ್ದೇ ಸೆನೆಟ್ ಕಟ್ಟಡದ ಬೆನ್ನಿಗೆ ಅಂಟಿಕೊಂಡು. ಮುಂದುಗಡೆ ಕಲ್ಲಿನ ಕಂಬ, ಅಗಲವಾದ ಮೆಟ್ಟಿಲು, ಬಾವುಟ. ಹಿಂದುಗಡೆ ಒಂದು ಸಣ್ಣ ಬಾಗಿಲು, ಅದರಾಚೆ ನಮ್ಮ ಬೀದಿ. ಒಂದು ಕಡೆ ಕೈ ಚಾಚಿದರೆ ಇನ್ನೊಂದು ಕಡೆಯ ಅಂಗಡಿಯ ಕಟ್ಟೆ ಸಿಗುವಷ್ಟು ಕಿರಿದು. ಕೆಳಗೆ ಅಂಗಡಿ, ಮೇಲೆ ಮನೆ. ಉದ್ದನೆಯ ಕಪ್ಪು ಕೋಟು ಹಾಕದೆ ಸೆನೆಟಿನೊಳಗೆ ಯಾರೂ ಕಾಲಿಡುವಂತಿಲ್ಲ ಎಂಬ ಒಂದೇ ನಿಯಮದ ಮೇಲೆ ಆ ಬೀದಿಯ ಅಷ್ಟೂ ಮನೆಗಳ ಒಲೆ ಉರಿಯುತ್ತಿತ್ತು.

ದರ್ಜಿಗೆ ಸೆನೆಟರುಗಳ ಮುಖಕ್ಕಿಂತ ಸೊಂಟವೇ ಹೆಚ್ಚು ಪರಿಚಯ. ಯಾರ ಹೊಟ್ಟೆ ಯಾವಾಗ ಮುಂದೆ ಬಂತು, ಯಾರ ಒಂದು ಭುಜ ಇಳಿದಿದೆ, ಎದೆ ಉಬ್ಬಿಸಿ ಭಾಷಣ ಮಾಡುವ ಯಾರ ಎದೆಯಲ್ಲಿ ಅರ್ಧ ಪಾಲು ಹತ್ತಿ, ಎಲ್ಲ ಅವನಿಗೆ ಗೊತ್ತು. ಆದರೆ ಮನುಷ್ಯ ಬಾಯಿ ಬಿಡುವವನಲ್ಲ. ಹೊಸ ಸೆನೆಟರ್ ಬಂದರೆ, ಮುಂದೆ ಬೇಕಾಗುತ್ತದೆ ಎಂದು ಕೇಳದೆಯೇ ಒಳಗಡೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಿದ್ದ. ಹಿಂದಿನ ಬಾಗಿಲಿಂದ ಒಳಗೆ ಹೋಗಿ, ಕೋಟು ತೊಡುವ ಕೋಣೆಯಲ್ಲಿ ಮಂಡಿಯೂರಿ ಕೂತು, ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡು ಅಳತೆ ತೆಗೆಯುತ್ತಿದ್ದ. ಬಾಯಲ್ಲಿ ಸೂಜಿ ಇರುವವನ ಹತ್ತಿರ ಮಾತಾಡುವುದು ಎಲ್ಲರಿಗೂ ಇಷ್ಟ. ಮಧ್ಯೆ ಬಾಯಿ ಹಾಕುವುದಿಲ್ಲವಲ್ಲ! ಯಾರನ್ನು ಯಾರು ಬೀಳಿಸಬೇಕೆಂದಿದ್ದಾರೆ, ಯಾರ ಅಳಿಯನಿಗೆ ಯಾವ ಗುತ್ತಿಗೆ ಬೇಕು, ಎಲ್ಲ ಅವನ ನೆತ್ತಿಯ ಮೇಲೆ ಸುರಿಯುತ್ತಿತ್ತು. ಅವನು "ಹ್ಞೂಂ, ಹ್ಞೂಂ" ಎನ್ನುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ.

ಆ "ಹ್ಞೂಂ" ಎಂಬುದೇ ಅವನನ್ನು ಅಟ್ಟಕ್ಕೇರಿಸಿದ್ದು.

ಆ ಭಾಗದ ಸೆನೆಟರ್ ಒಂದು ದಿನ ಊಟದ ಮೇಜಿನ ಮುಂದೆಯೇ ತೀರಿಕೊಂಡ. ಅಧಿವೇಶನ ಶುರುವಾಗುವ ದಿನ ಯಾವ ಕುರ್ಚಿಯೂ ಖಾಲಿ ಇರಕೂಡದು ಎಂದು ಅವರ ಕಟ್ಟಳೆ. ಉಳಿದ ಅವಧಿಗೆ ಆ ಭಾಗದಲ್ಲಿ ವಾಸವಿರುವ ಒಬ್ಬನನ್ನು ಕೂರಿಸಬೇಕು, ಆದರೆ ಯಾವ ಸದಸ್ಯನೂ ಅದಕ್ಕೆ ತಕರಾರು ಎತ್ತಿರಬಾರದು. ಒಂದು ಬಣ ಒಬ್ಬ ವಕೀಲನ ಹೆಸರು ಹೇಳಿತು, ಇನ್ನೊಂದು ಬಣ ಮೂಗು ಮುರಿಯಿತು. ಆ ಬಣ ಒಬ್ಬ ಮೇಷ್ಟರ ಹೆಸರು ಹೇಳಿತು, ಈ ಬಣಕ್ಕೆ ಮೈಯೆಲ್ಲ ಉರಿಯಿತು. ಜಗಳ ಹರಿಯದೆ, ಅಧಿವೇಶನದ ಹಿಂದಿನ ದಿನ ಸಭಾಧ್ಯಕ್ಷರು ಕೋಟಿನ ಅಳತೆ ಕೊಡುತ್ತ ನಿಂತಿದ್ದಾಗ, ತಲೆ ಕೆಟ್ಟು, ಕೆಳಗೆ ನೋಡಿ ಹೇಳಿದರು:

"ಥೂ, ಇದಕ್ಕಿಂತ ಇವನನ್ನೇ ಕೂರಿಸೋದು ವಾಸಿ. ಏನಯ್ಯಾ, ಆಗ್ತೀಯಾ ಸೆನೆಟರ್?"

ಅವನ ಬಾಯಲ್ಲಿ ಏಳೆಂಟು ಸೂಜಿ. "ಹ್ಞೂಂ" ಎಂದ.

ಎರಡೂ ಬಣದವರು ನಕ್ಕರು. ನಕ್ಕಾದ ಮೇಲೆ ಯೋಚಿಸಿದರು. ಯಾರಿಗೂ ತಕರಾರಿರಲಿಲ್ಲ. ತನ್ನ ಸೊಂಟದ ಸುತ್ತಳತೆ ಗೊತ್ತಿರುವವನನ್ನು ಎದುರು ಹಾಕಿಕೊಳ್ಳುವಷ್ಟು ಧೈರ್ಯ ಆ ಸಭೆಯಲ್ಲಿ ಯಾರಿಗಿತ್ತು? ಮರುದಿನ ನಮ್ಮ ದರ್ಜಿ, ತಾನೇ ಕತ್ತರಿಸಿ ಹೆಂಡತಿ ಕಾಜಾ ಹೊಲಿದ ಕಪ್ಪು ಕೋಟು ಹಾಕಿಕೊಂಡು, ಹುಟ್ಟಿದಂದಿನಿಂದ ಮೊದಲ ಸಲ ಸೆನೆಟಿನ ಮುಂಬಾಗಿಲಿನಿಂದ ಒಳಗೆ ಹೋದ. ಬೀದಿಗೆ ಬೀದಿಯೇ ಮೆಟ್ಟಿಲ ಕೆಳಗೆ ನಿಂತು ಚಪ್ಪಾಳೆ ತಟ್ಟಿತು. ಗುಂಡಿಯವನಂತೂ ಅತ್ತೇಬಿಟ್ಟ. "ನಮ್ಮಣ್ಣ ಕಣ್ರೀ ಅವರು, ನಮ್ಮಣ್ಣ" ಎಂದು ಹೋಗುವ ಬರುವ ಅಪರಿಚಿತರಿಗೆಲ್ಲ ಹೇಳಿದ.

ಪ್ರಮಾಣವಚನದ ದಿನ ಗುಮಾಸ್ತರು ನಿಯಮಗಳನ್ನು ಓದಿ ಹೇಳಿದರು. ನಿಯಮ ಬಹಳ, ಅವನ ತಲೆಗೆ ಹೋದದ್ದು ಎರಡೇ. ಒಂದು, ಸೆನೆಟರ್ ಎಂಬ ಮಾತು ಒಮ್ಮೆ ಮೈಗೆ ಹತ್ತಿದರೆ ಸಾಯುವ ತನಕ ಬಿಡುವುದಿಲ್ಲ. ಕುರ್ಚಿ ಹೋದರೂ ಪದವಿ ಇರುತ್ತದೆ, ಊರಲ್ಲಿ ಎಲ್ಲರೂ ಹಾಗೆಂದೇ ಕರೆಯಬೇಕು. ಎರಡು, ಯಾವನಾದರೂ ಸೆನೆಟರ್ ತಾನು ತಪ್ಪಿ ಮತ ಹಾಕಿದೆನೆಂದು ಅಧ್ಯಕ್ಷರ ಮುಂದೆ ಬಂದು ಹೇಳಿದರೆ, ಮಸೂದೆ ಜಾರಿಯಾಗುವುದರೊಳಗೆ ಆ ಮತವನ್ನು ತೆಗೆದುಹಾಕಬಹುದು. ಅದರ ಜೊತೆಗೆ ಆ ಪದವಿಯನ್ನೂ ತೆಗೆದುಹಾಕುತ್ತಾರೆ. ಹಾಗೆ ಇದುವರೆಗೆ ಯಾರಾದರೂ ಹೇಳಿದ್ದುಂಟೋ ಎಂದು ಅವನು ಮೆಲ್ಲಗೆ ಕೇಳಿದ. ಗುಮಾಸ್ತರು ಕನ್ನಡಕ ತೆಗೆದು, ಇವನೇನು ತಮಾಷೆ ಮಾಡುತ್ತಿದ್ದಾನೋ ಎಂದು ನೋಡಿದರು.

ಅಲ್ಲಿ ಮತ ಹಾಕುವುದೆಂದರೆ ಎದ್ದು ನಿಲ್ಲುವುದು. ಬೇಕೆನ್ನುವವರು ಏಳಬೇಕು, ಬೇಡವೆನ್ನುವವರು ಕೂತೇ ಇರಬೇಕು, ಗುಮಾಸ್ತರು ತಲೆ ಎಣಿಸುತ್ತಾರೆ. ಕೂತಿರುವವರಲ್ಲಿ ಬೇಡವೆನ್ನುವವರು ಯಾರು, ನಿದ್ದೆ ಹೋದವರು ಯಾರು ಎಂದು ವಿಚಾರಿಸುವ ಪದ್ಧತಿ ಇಲ್ಲ. ದರ್ಜಿ ತನ್ನ ಅವಧಿಯುದ್ದಕ್ಕೂ ಹಿಂದಿನ ಸಾಲಿನಲ್ಲಿ ಕೂತು, ಮುಂದಿನವರ ಬೆನ್ನು ನೋಡಿದ. ಬೇರೇನು ನೋಡುತ್ತಾನೆ? ಅಷ್ಟೂ ಬೆನ್ನುಗಳು ಅವನ ಬೀದಿಯಲ್ಲೇ ಹೊಲಿದಂಥವು. ಯಾವ ಕೋಟು ತನ್ನದು, ಯಾವುದು ಪಕ್ಕದ ಅಂಗಡಿಯದು, ಯಾವುದಕ್ಕೆ ಇಸ್ತ್ರಿ ಜಾಸ್ತಿಯಾಗಿ ಹೊಳಪು ಬಂದಿದೆ ಎಂದು ನೋಡುವುದರಲ್ಲಿ ಹೊತ್ತು ಹೋಗುತ್ತಿತ್ತು. ದೇಶದ ಭವಿಷ್ಯ ಅವನ ಕಿವಿಯ ಪಕ್ಕದಿಂದ ಹಾದುಹೋಗುತ್ತಿತ್ತು.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, ಊಟವಾದ ಮೇಲೆ, ಒಂದು ಮಸೂದೆ ಬಂತು. ಸೆನೆಟರುಗಳ ಕಾರುಗಳಿಗೆ ನಿಲ್ಲಲು ಜಾಗವಿಲ್ಲ. ಮುದುಕರ ಸಭೆಯಾದ್ದರಿಂದ ದೂರದಿಂದ ನಡೆಯಲಾಗುವುದಿಲ್ಲ. ಆದ್ದರಿಂದ ಕಟ್ಟಡದ ಹಿಂದಿರುವ ಹಳೆಯ ಬೀದಿಯನ್ನು ಕೆಡವಿ ಅಲ್ಲಿ ಕಾರು ನಿಲ್ದಾಣ ಮಾಡತಕ್ಕದ್ದು. ನಡೆಯಲಾಗದ ಈ ಮುದುಕರಲ್ಲಿ ಅರ್ಧ ಜನ ಬೆಳಿಗ್ಗೆ ಎದ್ದು ಟೆನಿಸ್ ಆಡುವವರು. ಅದಿರಲಿ. ಗುಮಾಸ್ತರು ಓದಿದ್ದು ಒಂದೇ ಉಸಿರಿಗೆ, ಮೂಗಿನಲ್ಲಿ. ದರ್ಜಿಯ ಕಿವಿಗೆ ಅದು ಬೀಳಲೇ ಇಲ್ಲ, ಏಕೆಂದರೆ ಅವನ ಕಣ್ಣು ಒಂದು ಕಡೆ ನೆಟ್ಟಿತ್ತು. ಅಂದು ಅಧ್ಯಕ್ಷರು ಪೀಠವನ್ನು ಇನ್ನೊಬ್ಬರಿಗೆ ಬಿಟ್ಟು, ತಾವೂ ಮತ ಹಾಕಲೆಂದು ಇವನ ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಅವರ ಕೋಟಿನ ಬೆನ್ನಿನ ನಡುವಿನ ಹೊಲಿಗೆ ಕುತ್ತಿಗೆಯ ಹತ್ತಿರ ಬಾಯಿ ಬಿಟ್ಟಿತ್ತು. ಅದು ಅವನ ಹೊಲಿಗೆ.

"ಪರವಾಗಿರುವವರು ಏಳಬಹುದು" ಎಂದು ಪೀಠದಿಂದ ಮಾತು ಬಂತು. ಅಧ್ಯಕ್ಷರು ಎದ್ದರು. ಎದ್ದ ರಭಸಕ್ಕೆ ಹೊಲಿಗೆ ಕುತ್ತಿಗೆಯಿಂದ ಸೊಂಟದ ತನಕ ಚರ್ರೆಂದು ಹೋಗಲು ಹೊರಟಿತು. ಯಾವ ದರ್ಜಿಗೆ ತಾನೇ ಕೂತಿರಲು ಸಾಧ್ಯ? ನಮ್ಮವನು ಛಂಗನೆ ಎದ್ದು, ಎರಡೂ ಕೈಯಿಂದ ಆ ಬಟ್ಟೆಯನ್ನು ಹಿಡಿದುಕೊಂಡ. ಗುಮಾಸ್ತರು ತಲೆ ಎಣಿಸಿದರು. ಒಂದು ಮತದಿಂದ ಮಸೂದೆ ಪಾಸಾಯಿತು.

ಏನಾಯಿತೆಂದು ಅವನಿಗೆ ತಿಳಿದದ್ದು ಪಕ್ಕದವರು ಕೈ ಕುಲುಕಿದಾಗ. "ನಿಮ್ಮದೇ ಬೀದಿ! ನಿಮ್ಮದೇ ಮನೆ! ದೇಶಕ್ಕಾಗಿ ಎದ್ದು ನಿಂತಿರಲ್ಲ, ಅದಕ್ಕೆ ಎದೆ ಬೇಕು" ಎಂದು ಒಬ್ಬ ಮುದುಕ ಸೆನೆಟರ್ ಕಣ್ಣೊರೆಸಿಕೊಂಡ. ಸಭೆ ಮೇಜು ಕುಟ್ಟಿತು. ಅಧ್ಯಕ್ಷರು ಹರಿದ ಬೆನ್ನಿನಲ್ಲೇ ತಿರುಗಿ ಅವನನ್ನು ಅಪ್ಪಿಕೊಂಡರು. ದರ್ಜಿಯ ಬಾಯಲ್ಲಿ ಅಂದು ಸೂಜಿ ಇರಲಿಲ್ಲ. "ಅಯ್ಯೋ, ನಾನು ಹೊಲಿಗೆ ನೋಡೋಕೆ ಎದ್ದದ್ದು ಸ್ವಾಮಿ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಲವತ್ತು ದಾಟಿದ ಆ ಮನುಷ್ಯನಿಗೆ ಯಾರೂ ಅದುವರೆಗೆ ಮೇಜು ಕುಟ್ಟಿರಲಿಲ್ಲ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಹೇಡಿತನಕ್ಕೆ ವಿನಯದಷ್ಟು ಸರಿಯಾಗಿ ಕೂರುವ ಕೋಟು ಬೇರೆ ಇಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ಮಿಷನ್ನಿನ ಮುಂದೆ ಕೂತಿದ್ದಳು.

"ಇವತ್ತೇನ್ ಮಾಡಿದ್ರಿ?" ಎಂದಳು.

"ಒಂದು ದೊಡ್ಡ ಮಸೂದೆ ಪಾಸ್ ಮಾಡಿಸ್ದೆ."

"ಏನದು?"

"ನಿಂಗರ್ಥ ಆಗಲ್ಲ ಬಿಡೇ. ವಾಹನಗಳ ವಿಚಾರ."

ಅವಳು "ಓ" ಎಂದು ನೂಲು ಕಚ್ಚಿದಳು.

ಅವಧಿ ಮುಗಿಯಿತು, ಕುರ್ಚಿ ಇನ್ನೊಬ್ಬನಿಗೆ ಹೋಯಿತು, ಪದವಿ ಇವನ ಹತ್ತಿರ ಉಳಿಯಿತು. ಅಲ್ಲಿಂದಾಚೆಗೆ ನಮ್ಮ ದರ್ಜಿ ಯಾರ ಮುಂದೆಯೂ ಮಂಡಿಯೂರಲಿಲ್ಲ. ಮಂಡಿಯೂರದೆ ಪ್ಯಾಂಟಿನ ಅಳತೆ ಹೇಗೆ ತೆಗೆಯುವುದು? ತೆಗೆಯುವುದಿಲ್ಲ. ಕುರ್ಚಿಯಲ್ಲಿ ಕೂತು, ಬಂದವರನ್ನು ದೂರದಿಂದ ನೋಡಿ, "ಮೂವತ್ತೆಂಟು ಇರಬಹುದು" ಎನ್ನುತ್ತಿದ್ದ. ಮಂಡಿಯೂರುವ ಕೆಲಸ ಹೆಂಡತಿಗೆ ಬಂತು. ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಮಾಡುವುದು, ಸಂಜೆಗೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದು, ಎಲ್ಲ ಅವಳದೇ. ಅವನ ಕೆಲಸ ಸೆನೆಟರ್ ಆಗಿರುವುದು, ಅದು ಅಷ್ಟು ಸುಲಭದ್ದಲ್ಲ. ಡಾಕ್ಟರ ಹತ್ತಿರ ಸಾಲು ಇದ್ದರೆ ಇವನು ಮೊದಲು ಕೆಮ್ಮಬೇಕು. ಮದುವೆಗಳಲ್ಲಿ ಮುಂದಿನ ಸೋಫಾದಲ್ಲಿ ಕೂತು, ಗುರುತಿಲ್ಲದ ಮದುಮಗನ ಗುಣಗಾನ ಮಾಡಬೇಕು. ಹೊಸ ಕ್ಷೌರದಂಗಡಿ ತೆರೆದರೆ ಮೊದಲ ಕ್ಷೌರ ಇವನದೇ. ಒಂದು ವಾರದಲ್ಲಿ ಎರಡು ಅಂಗಡಿ ತೆರೆದಾಗ ಎರಡನೆಯವನು ಎಲ್ಲಿ ಕತ್ತರಿ ಆಡಿಸಬೇಕೆಂದು ತಿಳಿಯದೆ ಒದ್ದಾಡಿದ.

ಗಿರಾಕಿಗಳ ಮುಂದೆಯಾದರೂ ತನ್ನನ್ನು ಸೆನೆಟರೇ ಎಂದು ಕರೆ ಎಂದು ಹೆಂಡತಿಗೆ ಹೇಳಿಕೊಟ್ಟಿದ್ದ. ಅವಳು ತುಂಬಿದ ಅಂಗಡಿಯಲ್ಲಿ, "ಸೆನೆಟರೇ, ಒಳಗಡೆ ಹಾಲು ಉಕ್ತಿದೆ, ಸ್ವಲ್ಪ ಇಳಿಸಿ" ಎಂದಳು. ಆ ಮೇಲೆ ಅವನು ಒತ್ತಾಯ ಮಾಡಲಿಲ್ಲ.

ಇದರ ನಡುವೆ ಗುಂಡಿಯವನು ಒಂದು ಸುದ್ದಿ ತಂದ. ಪೇಟೆಯ ದೊಡ್ಡ ರಸ್ತೆಯಲ್ಲಿ ಎರಡು ಅಂಗಡಿ ಒಟ್ಟಿಗೆ ಖಾಲಿಯಾಗಿವೆ, ಬಾಡಿಗೆ ಕಡಿಮೆ, ಮೇಲೆ ವಾಸಕ್ಕೆ ಕೋಣೆಯೂ ಇದೆ, ಗಾಳಿ ಬೆಳಕು ಚೆನ್ನಾಗಿದೆ. "ಅತ್ತಿಗೆ, ಒಂದು ನಿಮಗೆ, ಒಂದು ನನಗೆ. ಇಲ್ಲಿ ಈ ಕತ್ತಲಲ್ಲಿ ನಿಮ್ಮ ಕಣ್ಣು ಹೋಗ್ತಾ ಇದೆ" ಎಂದ. ಅವಳು ಹೋಗಿ ನೋಡಿಕೊಂಡು ಬಂದಳು. ಕಿಟಕಿಯ ಪಕ್ಕ ಮಿಷನ್ ಎಲ್ಲಿಡಬೇಕೆಂದೂ ಯೋಚಿಸಿಯಾಗಿತ್ತು. ಗಂಡ ಬೇಡವೆಂದ.

"ಸೆನೆಟರ್ ತನ್ನ ಬೀದಿ ಬಿಟ್ಟು ಓಡಿಹೋದ ಅಂತ ಜನ ಆಡ್ಕೊಳ್ಳಲ್ವೇನೇ?"

ಜನ ಆಡಿಕೊಳ್ಳುತ್ತಾರೆಂಬುದು ನೆಪ. ಆ ಬೀದಿ ಒಂದು ದಿನ ಬೀಳಲಿದೆ ಎಂದು ಇಡೀ ಬೀದಿಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಈಗ ಎದ್ದು ಹೊರಟರೆ, ಯಾಕೆ ಹೊರಟ, ಇವನಿಗೇನೋ ಗೊತ್ತಿತ್ತು ಎಂದು ನಾಳೆ ಯಾರಾದರೂ ಕೇಳಿದರೆ? ಅದಕ್ಕಿಂತ ಸುಮ್ಮನಿರುವುದು ಮೇಲು. ಸೆನೆಟಿನ ಮಸೂದೆಗಳಲ್ಲಿ ಹೆಚ್ಚಿನವು ಬೀರುವಿನಲ್ಲೇ ಸಾಯುತ್ತವೆ, ಇದೂ ಸಾಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ವರ್ಷಗಳು ಕಳೆದವು. ಪೇಟೆಯ ಅಂಗಡಿಗಳಿಗೆ ಬೇರೆ ಯಾರೋ ಬಂದರು. ಮಸೂದೆ ಸಾಯಲಿಲ್ಲ.

ಒಂದು ಬೆಳಿಗ್ಗೆ ನಗರಸಭೆಯ ಆಳುಗಳು ಬಂದು ಪ್ರತಿ ಅಂಗಡಿಯ ಗೋಡೆಗೆ ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು ಹಾಕಿ ಹೋದರು. ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಬೇಕು, ಬೇರೆ ಜಾಗ ಕೊಡುವುದಿಲ್ಲ. ಮಸೂದೆ ಒಂದೇ ಮತದಿಂದ ಪಾಸಾಗಿದ್ದೆಂಬ ಸುದ್ದಿಯೂ ಅವರ ಬಾಯಿಂದಲೇ ಹೊರಬಿತ್ತು. ಬೀದಿಯವರೆಲ್ಲ ದರ್ಜಿಯ ಅಂಗಡಿಯ ಮುಂದೆ ಸೇರಿದರು.

"ಒಂದು ಮತ ಅಂತೆ ಸೆನೆಟರೇ! ಒಬ್ಬ ಕೂತಿದ್ದಿದ್ರೆ ನಾವು ಉಳೀತಿದ್ವಿ" ಎಂದು ಗುಂಡಿಯವನು ಕೂಗಾಡಿದ. "ಯಾವನ್ರೀ ಅವನು ಆ ಒಬ್ಬ?"

"ಅದೆಲ್ಲ... ಗುಟ್ಟಾಗಿರುತ್ತೆ" ಎಂದ ದರ್ಜಿ.

"ಯಾವನಾದ್ರೂ ಆಗ್ಲಿ, ಅವನ ಮನೆ ಹಾಳಾಗ!" ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. "ಅವನ ಹೆಂಡ್ತಿ ಮಕ್ಕಳು ಬೀದಿಗೆ ಬೀಳ್ಲಿ. ಆಗ ಗೊತ್ತಾಗುತ್ತೆ ಅವನಿಗೆ."

ದರ್ಜಿ ತಲೆಯಾಡಿಸಿದ. ತನ್ನ ಮೇಲೆಯೇ ಬಿದ್ದ ಶಾಪಕ್ಕೆ ಹೌದು ಹೌದೆಂದು ತಲೆಯಾಡಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

"ನೀವು ಹೋಗಿ ಹೇಳಿ" ಎಂದು ಎಲ್ಲರೂ ಪಟ್ಟು ಹಿಡಿದರು. "ಇಷ್ಟು ದಿನ ನಿಮ್ಮನ್ನ ಸೆನೆಟರೇ ಸೆನೆಟರೇ ಅಂತ ಕರೆದದ್ದು ಯಾವತ್ತಿಗೆ?"

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಒಂದು ಮಾತು ಸಾಕು ಎಂಬುದು ಅವನಿಗೆ ಗೊತ್ತು. ಗುಮಾಸ್ತರು ಓದಿ ಹೇಳಿದ ಎರಡನೆಯ ನಿಯಮ ಮರೆತಿರಲಿಲ್ಲ. ತಪ್ಪಿ ಎದ್ದೆ ಎಂದು ಹೇಳಿದರೆ ಮತ ಹೋಗುತ್ತದೆ, ಮಸೂದೆ ಬೀಳುತ್ತದೆ, ಬೀದಿ ಉಳಿಯುತ್ತದೆ. ಆ ಬೀದಿಯಲ್ಲಿ ಮಾರನೆಯ ದಿನ ಅವನು ಬರಿಯ ದರ್ಜಿ. ಡಾಕ್ಟರ ಹತ್ತಿರ ಸಾಲಿನ ಕೊನೆ, ಮದುವೆಯಲ್ಲಿ ಕಂಬದ ಮರೆ. ಮತ್ತೆ ಮಂಡಿ, ಮತ್ತೆ ಬಾಯಲ್ಲಿ ಸೂಜಿ. ಮನುಷ್ಯ ಕೆಟ್ಟವನಲ್ಲ ಎಂದು ಅವನ ಪರವಾಗಿ ಹೇಳಬೇಕು. ಕೆಟ್ಟವನಾಗಿದ್ದರೆ ನಿದ್ದೆ ಬರುತ್ತಿತ್ತು. ಮೂರನೆಯ ಬೆಳಿಗ್ಗೆ, ಹೆಂಡತಿ ಮೆಟ್ಟಿಲು ಹಿಡಿದು ಹಿಡಿದು, ಒಂದೊಂದು ಮಂಡಿಯನ್ನೂ ಕೈಯಿಂದ ಒತ್ತಿಕೊಂಡು ಅಂಗಡಿಗೆ ಇಳಿಯುವುದನ್ನು ಅವನು ನೋಡಿದ. ಇಷ್ಟು ವರ್ಷ ಅದು ಕಣ್ಣಿಗೆ ಬಿದ್ದೇ ಇರಲಿಲ್ಲ. ಎದ್ದು ಕಪ್ಪು ಕೋಟು ಹಾಕಿಕೊಂಡ.

"ಬಾ, ಹೋಗೋಣ. ನಾನು ಹೇಳ್ತೀನಿ" ಎಂದ.

ಮುಂಬಾಗಿಲಲ್ಲಿ ಜವಾನ ಚಿಮ್ಮಿ ಎದ್ದು ಸಲಾಮು ಹೊಡೆದ. ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಇವನನ್ನು ಮಾಜಿ ಸದಸ್ಯರ ಕೋಣೆಗೆ ಕರೆದುಕೊಂಡು ಹೋದ. ಚರ್ಮದ ಕುರ್ಚಿ, ಗೋಡೆಯ ತುಂಬ ಸತ್ತ ಸೆನೆಟರುಗಳ ಚಿತ್ರ. ಚಹಾ ಬಂತು, ಬಿಸ್ಕತ್ತು ಬಂತು. ಅಧ್ಯಕ್ಷರು ಬರಲು ಮಧ್ಯಾಹ್ನವಾಯಿತು. ಇನ್ನೂ ಅವರೇ ಅಧ್ಯಕ್ಷರು. ಸೊಂಟ ಮಾತ್ರ ಹೊಸದು.

"ಏನ್ ಸೆನೆಟರೇ, ಅಪರೂಪ!"

ದರ್ಜಿ ಎದ್ದು ನಿಂತ. ಬಿಸ್ಕತ್ತಿನ ಪುಡಿ ಕೋಟಿನ ಮೇಲಿತ್ತು. ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. "ಸ್ವಾಮಿ, ಆವತ್ತು ನಾನು ಮತ ಹಾಕೋಕೆ ಎದ್ದದ್ದಲ್ಲ. ನಿಮ್ಮ ಕೋಟಿನ ಬೆನ್ನು ಹರೀತಿತ್ತು, ಅದನ್ನ ಹಿಡ್ಕೊಳ್ಳೋಕೆ ಎದ್ದೆ. ತಪ್ಪಾಗಿದೆ. ನನ್ನ ಮತ ತೆಗೆದುಹಾಕಿ. ಪದವೀನೂ ತೊಗೊಳ್ಳಿ. ಬೀದಿ ಬಿಟ್ಬಿಡಿ."

ಇದಕ್ಕಿಂತ ದೊಡ್ಡ ಮಾತನ್ನು ಆ ಕಟ್ಟಡದಲ್ಲಿ ಯಾರೂ ಆಡಿರಲಿಕ್ಕಿಲ್ಲ. ಅಧ್ಯಕ್ಷರು ಹೊಟ್ಟೆ ಕುಣಿಯುವ ಹಾಗೆ ನಕ್ಕರು.

"ಎಂಥಾ ವಿನಯ ಮಾರಾಯ್ರೇ ನಿಮ್ದು! ಅಷ್ಟು ದೊಡ್ಡ ತ್ಯಾಗ ಮಾಡಿ, ಈಗ ಅದು ನಂದಲ್ಲ ಅಂತೀರಲ್ಲ!"

"ವಿನಯ ಅಲ್ಲ ಸ್ವಾಮಿ, ನಿಜ."

ಅಧ್ಯಕ್ಷರು ಬಾಗಿಲು ಮುಚ್ಚಿದರು. ಕುರ್ಚಿ ಎಳೆದು ಹತ್ತಿರ ಕೂತರು. ನಗು ಹೋಗಿತ್ತು.

"ನಿಜ ಅಂತಾನೇ ಇಟ್ಕೊಳ್ಳಿ. ನೀವು ತಪ್ಪಿ ಎದ್ರಿ ಅಂತ ನಾನು ಒಪ್ಪಿದ್ರೆ, ನಾಳೆ ಜನ ಉಳಿದವರನ್ನ ಕೇಳಲ್ವಾ, ನೀವ್ಯಾಕೆ ಎದ್ರಿ ಅಂತ? ನಾನು ಯಾಕೆ ಎದ್ದೆ ಗೊತ್ತಾ? ಕಾಲು ಜೋಮು ಹಿಡಿದಿತ್ತು. ನನ್ನ ಪಕ್ಕದವನು ನಾನು ಎದ್ದೆ ಅಂತ ಎದ್ದ. ಅವನ ಪಕ್ಕದವನು, ಸಭೆ ಮುಗೀತು ಅಂದ್ಕೊಂಡು ಎದ್ದ. ಹೀಗೆ ಹಿಂಜುತ್ತಾ ಹೋದ್ರೆ ಈ ಕಟ್ಟಡದಲ್ಲಿ ಏನುಳಿಯುತ್ತೆ ಹೇಳಿ? ಮುದುಕರು ತಪ್ಪು ಮಾಡ್ತಾರೆ ಕಣ್ರೀ. ಸೆನೆಟರುಗಳು ಮಾಡಲ್ಲ. ಅದಕ್ಕೇ ಬೇರೆ ಹೆಸರು ಇಟ್ಟಿರೋದು."

"ಆದ್ರೆ ನಿಯಮ ಇದೆಯಲ್ಲ..."

"ನಿಯಮ ಇರುತ್ತೆ. ಇರ್ಲಿ ಅಂತ ಇಟ್ಟಿದೀವಿ." ಅವರು ಎದ್ದು ಅವನ ಭುಜ ತಟ್ಟಿದರು. "ಬೇಜಾರು ಮಾಡ್ಕೋಬೇಡಿ. ಕಾರು ನಿಲ್ದಾಣಕ್ಕೆ ನಿಮ್ಮ ಹೆಸರೇ ಇಡಿಸ್ತೀನಿ. ಕಲ್ಲಲ್ಲಿ ಕೆತ್ತಿಸ್ತೀನಿ. ಸೆನೆಟರ್ ಅಂತ ಸೇರಿಸಿ."

ಬಾಗಿಲ ತನಕ ತಾವೇ ಬಂದು ಬಿಟ್ಟರು. ಅಂಥ ಗೌರವ ಯಾವ ಮಾಜಿ ಸೆನೆಟರಿಗೂ ಸಿಕ್ಕಿರಲಿಲ್ಲವೆಂದು ಜವಾನ ಆಮೇಲೆ ಹೇಳಿದ.

ಹೆಂಡತಿ ಬೆಂಚಿನಿಂದ ಎದ್ದು ಬಂದಳು. ಅವಳಿಗೆ ಯಾರೂ ಚಹಾ ಕೊಟ್ಟಿರಲಿಲ್ಲ.

"ಹೇಳಿದ್ರಾ? ಏನಂದ್ರು?"

ಕಲ್ಲಿನ ಕಂಬದ ಪಕ್ಕ ನಿಂತು ಅವನು ಅವಳಿಗೂ ಹೇಳಿದ. ಆ ಒಬ್ಬ ಯಾರೆಂದು ಹೇಳಿದ. ಹೊಲಿಗೆ ಹೇಗೆ ಬಿಚ್ಚಿತು, ಮೇಜು ಹೇಗೆ ಕುಟ್ಟಿದರು, ತಾನು ಹೇಗೆ ತಲೆ ಬಾಗಿಸಿದೆ, ಒಂದನ್ನೂ ಬಿಡಲಿಲ್ಲ. ಒಳಗೆ ಅಧ್ಯಕ್ಷರು ನಂಬಲು ಒಲ್ಲದ ಆ ಕಥೆಯನ್ನು ಅವಳು ಒಂದೇ ಸಲಕ್ಕೆ ನಂಬಿದಳು. ನಂಬದೆ ಏನು? ಅವಳಿಗೆ ಗಂಡನ ಪರಿಚಯ ಇತ್ತು.

ಬೈಯಲಿಲ್ಲ. ಅವನು ಬೈಗುಳಕ್ಕಾಗಿ ಕಾದ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು, ಮಂಡಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು.

"ತಪ್ಪಿ ಎದ್ರಿ, ಸರಿ" ಎಂದಳು ಕೊನೆಗೆ. "ಅದು ಯಾರಿಗಾದ್ರೂ ಆಗುತ್ತೆ. ಆದ್ರೆ ಆವತ್ತು ಸಂಜೆ ನಂಗೆ ಹೇಳಬಹುದಿತ್ತಲ್ರೀ. ಅಷ್ಟು ವರ್ಷ ಇತ್ತು ನನ್ನ ಕೈಯಲ್ಲಿ. ಆಗ ಮಂಡಿ ಗಟ್ಟಿ ಇತ್ತು, ಕಣ್ಣು ಕಾಣ್ತಿತ್ತು. ಎಲ್ಲಾದ್ರೂ ಹೋಗಿ ಹೊಸದಾಗಿ ಶುರು ಮಾಡ್ತಿದ್ದೆ. ನೀವು ಬೀದಿ ಕಳೆದದ್ದಕ್ಕೆ ನಂಗೆ ದುಃಖ ಇಲ್ಲ. ನನ್ನ ವರ್ಷಗಳನ್ನ ಕಳೆದ್ರಿ."

ಅವನು ಅವಳ ಕೈ ಹಿಡಿದು ಎಬ್ಬಿಸಲು ಹೋದ. ಅವಳು ಕೈ ಕೊಡಲಿಲ್ಲ, ತಾನೇ ಎದ್ದಳು. ಕಟ್ಟಡವನ್ನು ಸುತ್ತಿಕೊಂಡು ಇಬ್ಬರೂ ನಡೆದರು, ಅವಳು ಮುಂದೆ, ಅವನು ಹಿಂದೆ.

ಬೀದಿಯವರು ಕೆಲಸ ಬಿಟ್ಟು ಹೊರಗೆ ನಿಂತು ಕಾಯುತ್ತಿದ್ದರು. ಗುಂಡಿಯವನು ಓಡಿಹೋಗಿ ತನ್ನ ಅಂಗಡಿಯಿಂದ ಕುರ್ಚಿ ತಂದು, ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಬೀದಿಯ ನಡುವೆ ಹಾಕಿದ.

"ಬನ್ನಿ ಸೆನೆಟರೇ, ಕೂತ್ಕೊಂಡು ಹೇಳಿ. ಸುಸ್ತಾಗಿದೀರಿ."

ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ಅಂಗಡಿಯ ಕಟ್ಟೆಗೆ ಒರಗಿ ನಿಂತಿದ್ದಳು. "ನೀವೇ ಹೇಳಿ" ಎಂದಳು. "ನಾನು ಹೇಳಲ್ಲ."

ಅವನು ಕುರ್ಚಿಯಲ್ಲಿ ಕೂತ. ಕೂತು, ನೆಲ ನೋಡಿಕೊಂಡು, ಆ ದಿನ ಮೂರನೆಯ ಸಲ ಅದೇ ಕಥೆ ಹೇಳಿದ. ಕೇಳಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಅಂಗಡಿಗೆ ಹೋದರು. ಒಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು ಕೇಳತೊಡಗಿತು. ಹೆಂಡತಿಯೂ ಒಳಗೆ ಹೋದಳು. ಗುಂಡಿಯವನೊಬ್ಬ ಅಲ್ಲೇ ನಿಂತಿದ್ದ. ಅವನು ಬಾಗಿ, ಕುರ್ಚಿಯ ಕೈ ಹಿಡಿದುಕೊಂಡ.

"ಏಳಣ್ಣಾ" ಎಂದ. "ಇದನ್ನೂ ಕಟ್ಟಬೇಕು."